ತೂಗುಶಯ್ಯೆ

ಮನೆಯ ಹಾಸಿಗೆಯನ್ನು ಬಿಟ್ಟು ಬಯಲಿನಲ್ಲಿ ಮಲಗುವ ಸುಖವನ್ನು ವರ್ಣಿಸುವವರು ಆಕಾಶವನ್ನೂ ಗಾಳಿಯನ್ನೂ ನಕ್ಷತ್ರಗಳನ್ನೂ ವರ್ಣಿಸುತ್ತಾರೆಯೇ ಹೊರತು, ಬೆನ್ನಿನ ಕೆಳಗಿರುವ ಕಲ್ಲಿನ ಮಾತನ್ನು ಎತ್ತುವುದಿಲ್ಲ. ಇಪ್ಪತ್ತು ವರ್ಷದವನಿಗೆ ಆ ಕಲ್ಲು ಇದೆಯೆಂಬುದೇ ತಿಳಿಯದು. ನಲವತ್ತಕ್ಕೆ ತಿಳಿಯುತ್ತದೆ, ಆದರೆ ಬೆಳಗಿನ ಕಾಫಿಯೊಡನೆ ಮರೆತುಹೋಗುತ್ತದೆ. ಅರವತ್ತಕ್ಕೆ ಆ ಒಂದು ಕಲ್ಲೇ ಇಡೀ ಪ್ರವಾಸದ ಚರಿತ್ರೆಯಾಗಿಬಿಡುತ್ತದೆ.

ಈ ಮಾತನ್ನು ಎತ್ತಲು ಕಾರಣವುಂಟು. ಪ್ರತಿವರ್ಷವೂ ಪುಷ್ಯಮಾಸದ ಅಮಾವಾಸ್ಯೆಯ ಆಸುಪಾಸಿನಲ್ಲಿ, ಕೊಪ್ಪದ ಹತ್ತಿರ ಬಂಧುಗಳೊಬ್ಬರ ತೋಟದ ಅಂಚಿನ ಹುಲ್ಲುಬಯಲಿನಲ್ಲಿ ಡೇರೆ ಹಾಕಿಕೊಂಡು ಎರಡು ರಾತ್ರಿ ಕಳೆಯುವುದು ನಮ್ಮ ಮನೆಯವರ ಪದ್ಧತಿ. ಆ ವೇಳೆಗೆ ಮಳೆ ಹಿಂದೆ ಸರಿದು ಉಂಬಳಗಳ ಕಾಟ ತಪ್ಪಿರುತ್ತದೆ. ಚಂದ್ರನಿಲ್ಲದ ಆಕಾಶವು ತೊಳೆದಿಟ್ಟಂತಿರುತ್ತದೆ. ರಾತ್ರಿ ಎಂಟು ಗಂಟೆಗೆ ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರ್ದ್ರೆಗಳು ಸಾಲಾಗಿ ಕಾಣುತ್ತವೆ. ಬೆಳಗಿನ ಜಾವ ಐದಕ್ಕೆ ಎದ್ದರೆ ಆಗ್ನೇಯದಲ್ಲಿ ಜ್ಯೇಷ್ಠೆಯು ಕೆಂಪಗೆ ಮೂಡಿರುತ್ತದೆ. ನಕ್ಷತ್ರಗಳ ಹೆಸರನ್ನು ಪಂಚಾಂಗದಿಂದ ಕಲಿತರೆ ಅದು ಬಾಯಿಪಾಠ. ಆಕಾಶದಿಂದ ಕಲಿತರೆ ಪರಿಚಯ. ನನ್ನ ಮೊಮ್ಮಗಳಿಗೆ ಆರನೆಯ ವಯಸ್ಸಿನಿಂದ ಆ ಪರಿಚಯವನ್ನು ಮಾಡಿಸುವ ಕೆಲಸ ನನ್ನದಾಗಿತ್ತು.

ಆದರೆ ಹಿಂದಿನ ಎರಡು ವರ್ಷ ನಾನು ಹೋಗಲಿಲ್ಲ. ಸೊಂಟದ ನೋವು ಬಲವಾಗಿ, ಗಟ್ಟಿನೆಲದ ಮೇಲೆ ಮಲಗಕೂಡದೆಂದೂ ಮುಖ್ಯವಾಗಿ ನೆಲದಿಂದ ಬಾಗಿ ಏಳುವ ಶ್ರಮವನ್ನು ತಪ್ಪಿಸಬೇಕೆಂದೂ ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಗಾಳಿ ತುಂಬುವ ಹಾಸಿಗೆಯನ್ನು ಒಮ್ಮೆ ಮನೆಯ ಅಂಗಳದಲ್ಲಿಯೇ ಪರೀಕ್ಷಿಸಿ ನೋಡಿದ್ದಾಯಿತು. ಮಲಗುವುದಕ್ಕೆ ಅದು ಮೃದುವೇ. ಏಳುವಾಗ ಮಾತ್ರ ನೆಲವು ನೆಲವೇ. ಉಳಿದವರೆಲ್ಲ ಹೊರಟುಹೋದರು. ಕಳೆದ ವರ್ಷ ಬೆಳಗಿನ ಜಾವ ಐದು ಗಂಟೆಗೆ ಮೊಮ್ಮಗಳು ಅಲ್ಲಿಂದ ದೂರವಾಣಿಯಲ್ಲಿ, "ತಾತ, ಮರದ ಪಕ್ಕದಲ್ಲಿ ಕೆಂಪಗಿದೆಯಲ್ಲ, ಅದರ ಹೆಸರೇನು?" ಎಂದು ಕೇಳಿದಳು. ಹಾಸಿಗೆಯಲ್ಲಿಯೇ ಇದ್ದು, ಕಣ್ಣಿಗೆ ಕಾಣದ ನಕ್ಷತ್ರದ ಹೆಸರನ್ನು ಹೇಳಿದೆ. ಅವಳಿಗೆ ಈಗ ಹನ್ನೊಂದು ವರ್ಷ. ಇನ್ನು ಮೂರು ನಾಲ್ಕು ವರ್ಷ ಕಳೆದರೆ ಈ ಪ್ರಶ್ನೆಯನ್ನು ತಾತನನ್ನೇ ಕೇಳಬೇಕೆಂಬ ಆಸೆ ಅವಳಿಗೆ ಇರುತ್ತದೆಯೇ? ಮಕ್ಕಳ ನಡುವೆ ಮೂವತ್ತೈದು ವರ್ಷ ಕಳೆದವನಿಗೆ ಉತ್ತರವು ತಿಳಿದೇ ಇದೆ.

ಹೀಗಿರಲು ನನ್ನ ತಂಗಿಯ ಮಗನು ಒಂದು ಉಪಾಯವನ್ನು ಹೊತ್ತು ಬಂದನು. ಅವನು ಕಟ್ಟಡಗಳ ಎಂಜಿನಿಯರು. ರಜೆ ಸಿಕ್ಕಿದಾಗಲೆಲ್ಲ ಘಟ್ಟದ ಕಾಡುದಾರಿಗಳನ್ನು ತುಳಿಯುವವನು. "ಮಾವ, ನೆಲದ ಮೇಲೆ ಮಲಗಬಾರದು ಎಂದಿದ್ದಾರೆ, ಅಷ್ಟೇ ತಾನೇ? ಮೇಲೆ ಮಲಗಿ" ಎಂದನು. ಅವನು ಹೇಳಿದ ವಸ್ತುವು ಹ್ಯಾಮಕ್. ಅದರಲ್ಲಿಯೂ ಬ್ರಿಡ್ಜ್ ಹ್ಯಾಮಕ್ ಎಂದು ಕರೆಯುವ ಒಂದು ಬಗೆ.

ಹ್ಯಾಮಕ್ ಎಂಬ ವಸ್ತುವು ಹೆಸರಿನಿಂದ ಮಾತ್ರ ನಮಗೆ ಪರದೇಶದ್ದು. 1492ರಲ್ಲಿ ಕೊಲಂಬಸನು ಬಹಾಮಾ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿಯ ಜನರು ನೂಲಿನ ಬಲೆಗಳನ್ನು ಕಟ್ಟಿಕೊಂಡು ಮಲಗುತ್ತಿದ್ದುದನ್ನು ಕಂಡನು. ಅವರ 'ಹಮಾಕ' ಎಂಬ ಶಬ್ದವೇ ಯುರೋಪಿನ ಭಾಷೆಗಳಿಗೆ ಹರಿಯಿತು. ಅಲುಗಾಡುವ ಹಡಗಿನಲ್ಲಿ ನಾವಿಕನು ಉರುಳಿ ಬೀಳದೆ ಮಲಗಲು ಇದಕ್ಕಿಂತ ಮೇಲಾದದ್ದಿಲ್ಲವೆಂದು ಕಂಡುಕೊಂಡು ಇಂಗ್ಲೆಂಡಿನ ನೌಕಾಪಡೆಯವರು 1597ರಲ್ಲಿ ಕ್ಯಾನ್ವಾಸಿನ ಹ್ಯಾಮಕ್ಕುಗಳನ್ನು ಸ್ವೀಕರಿಸಿದರು. ಇನ್ನು ನಮ್ಮಲ್ಲಿ, ಗದ್ದೆಯ ಬದಿಯ ಮರದ ಕೊಂಬೆಗೆ ತಾಯಿಯು ಹಳೆಯ ಸೀರೆಯ ಜೋಲಿಯನ್ನು ಕಟ್ಟಿ ಮಗುವನ್ನು ಮಲಗಿಸಿ ನಾಟಿಗೆ ಇಳಿಯುವುದನ್ನು ಯಾರು ಕಂಡಿಲ್ಲ? ದೊಡ್ಡವರ ತೂಗಾಟಕ್ಕೂ ನಮ್ಮಲ್ಲಿ ಪ್ರಾಚೀನವಾದ ಪ್ರಮಾಣವಿದೆ. ವೈದಿಕರ ಮಹಾವ್ರತವೆಂಬ ಕರ್ಮದಲ್ಲಿ ಹೋತೃವು 'ಪ್ರೇಂಖ' ಎಂಬ ಉಯ್ಯಾಲೆಯ ಮೇಲೆ ಕುಳಿತೇ ಶಸ್ತ್ರವನ್ನು ಪಠಿಸಬೇಕು. ಆದರೆ ಅವನು ಅಲ್ಲಿ ಮಲಗುವುದಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ.

ಜೋಲಿಯು ಮಗುವಿಗೆ ಸರಿ. ಎರಡು ತುದಿಗಳನ್ನು ಒಟ್ಟುಗೂಡಿಸಿ ಕಟ್ಟಿದ ಬಟ್ಟೆಯಲ್ಲಿ ಬೆಳೆದವನು ನೇರವಾಗಿ ಮಲಗಿದರೆ ಅವನ ಮೈ ಬಾಳೆಯ ಹಣ್ಣಿನಂತೆ ಬಾಗುತ್ತದೆ. ತಲೆ ಮೇಲೆ, ಕಾಲು ಮೇಲೆ, ಸೊಂಟ ಪಾತಾಳದಲ್ಲಿ. ಹ್ಯಾಮಕ್ಕಿನಲ್ಲಿಯೇ ಹುಟ್ಟಿ ಬೆಳೆಯುವ ಬ್ರೆಜಿಲ್ ಮುಂತಾದ ದೇಶಗಳ ಜನರು ಇದನ್ನು ಬಲ್ಲವರಾದ್ದರಿಂದ ಬಟ್ಟೆಯನ್ನು ಅಗಲವಾಗಿ ನೇಯ್ದು, ಅದರಲ್ಲಿ ಓರೆಯಾಗಿ, ಮೂಲೆಯಿಂದ ಮೂಲೆಗೆ ಮಲಗುತ್ತಾರೆ. ಆಗ ಬಾಗು ಬಹಳ ಮಟ್ಟಿಗೆ ತಗ್ಗುತ್ತದೆ. ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ನನ್ನ ಸೊಂಟಕ್ಕೆ ಬೇಕಾದದ್ದು ಇಲ್ಲವಾಗುವುದೇ.

ಇಲ್ಲಿಯೇ ಸೇತುವೆಯ ತತ್ತ್ವವು ನೆರವಿಗೆ ಬರುತ್ತದೆ. ತೂಗುಸೇತುವೆಯನ್ನು ನಮ್ಮ ನಾಡಿನವರಿಗೆ ಪರಿಚಯಿಸಬೇಕಾಗಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತಮ್ಮ ಮೊದಲ ತೂಗುಸೇತುವೆಯನ್ನು ಕಟ್ಟಿದರು. ಬಳಿಕ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿ, ಮಳೆಗಾಲದಲ್ಲಿ ದ್ವೀಪಗಳಾಗುತ್ತಿದ್ದ ಎಷ್ಟೋ ಹಳ್ಳಿಗಳನ್ನು ಶಾಲೆಗೂ ಸಂತೆಗೂ ಕೂಡಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಇಂಥ ಸೇತುವೆಯನ್ನು ದೂರದಿಂದ ನೋಡಿದವರಿಗೆ ಒಂದು ಸಂಗತಿಯು ಕಂಡೇ ಇರುತ್ತದೆ. ಎರಡು ಪಕ್ಕದ ಉಕ್ಕಿನ ಹಗ್ಗಗಳು ನಡುವೆ ಜೋತುಬಿದ್ದು ಬಾಗಿರುತ್ತವೆ. ಅವುಗಳಿಂದ ಇಳಿಬಿಟ್ಟ ಸರಳುಗಳು ತುದಿಯಲ್ಲಿ ಉದ್ದ, ನಡುವೆ ಗಿಡ್ಡ. ಆದಕಾರಣ ಹಗ್ಗವು ಬಾಗಿದ್ದರೂ ನಡೆಯುವ ಹಾದಿಯು ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. ಬಾಗುವ ಕೆಲಸವನ್ನು ಹಗ್ಗವು ವಹಿಸಿಕೊಂಡು ಹಾದಿಯನ್ನು ಬಾಗದಂತೆ ಕಾಪಾಡುತ್ತದೆ.

ಹಾದಿಯ ಜಾಗದಲ್ಲಿ ನನ್ನ ಬೆನ್ನನ್ನು ಇಟ್ಟರೆ ಅದೇ ಬ್ರಿಡ್ಜ್ ಹ್ಯಾಮಕ್. ಬಟ್ಟೆಯ ಎರಡು ಉದ್ದನೆಯ ಅಂಚುಗಳನ್ನು ಒಳಮುಖವಾಗಿ ಕಮಾನಿನಂತೆ ಕತ್ತರಿಸಿ, ಆ ಅಂಚಿನುದ್ದಕ್ಕೂ ಗಟ್ಟಿಯಾದ ಪಟ್ಟಿಯನ್ನು ಹೊಲಿಯುತ್ತಾರೆ. ಆ ಪಟ್ಟಿಯೇ ಸೇತುವೆಯ ಹಗ್ಗ. ಬಟ್ಟೆಯು ನಡುವೆ ಕಿರಿದು, ತುದಿಗಳಲ್ಲಿ ಅಗಲ. ಇದೇ ಉದ್ದ ಗಿಡ್ಡ ಸರಳುಗಳ ಕೆಲಸವನ್ನು ಮಾಡುತ್ತದೆ. ತಲೆಯ ಕಡೆಗೊಂದು, ಕಾಲಿನ ಕಡೆಗೊಂದು ಅಡ್ಡಕೋಲನ್ನು ಕೊಟ್ಟು ಎರಡು ಪಟ್ಟಿಗಳನ್ನು ದೂರ ಹಿಡಿಯುತ್ತಾರೆ. ಕೋಲಿನ ಎರಡು ತುದಿಗಳಿಂದ ಹೊರಟ ಹಗ್ಗಗಳು ತ್ರಿಕೋಣವಾಗಿ ಒಂದು ಬಳೆಯಲ್ಲಿ ಕೂಡಿ, ಅಲ್ಲಿಂದ ಒಂದೇ ಪಟ್ಟಿಯಾಗಿ ಮರಕ್ಕೆ ಹೋಗುತ್ತವೆ.

ಇದನ್ನು ಹೊರದೇಶದಿಂದ ತರಿಸಬಹುದಾಗಿತ್ತು. ಬೆಲೆಯನ್ನು ಕೇಳಿ ನಮ್ಮಲ್ಲಿಯೇ ಹೊಲಿಸುವುದೆಂದು ನಿಶ್ಚಯಿಸಿದೆವು. ಏಳು ಅಡಿ ಉದ್ದದ ಗಟ್ಟಿ ನೈಲಾನ್ ಬಟ್ಟೆ, ಎರಡು ಅಲ್ಯೂಮಿನಿಯಂ ಕೊಳವೆ, ಟಾರ್ಪಾಲು ಹೊಲಿಯುವ ನಮ್ಮೂರಿನ ಒಬ್ಬ ಕುಶಲಿ, ಇಷ್ಟೇ ಸಾಮಗ್ರಿ. ಅಂಚಿನ ಕಮಾನನ್ನು ಹೇಗೆ ಗೀಚುವುದೆಂಬ ಪ್ರಶ್ನೆ ಬಂದಿತು. ಅಳಿಯನು ಗಣಕಯಂತ್ರವನ್ನು ತೆರೆಯುವಷ್ಟರಲ್ಲಿ ನಾನು ಕೊಟ್ಟಿಗೆಯಿಂದ ಕರು ಕಟ್ಟುವ ಸಣ್ಣ ಕೊಂಡಿಗಳ ಸರಪಳಿಯನ್ನು ತರಿಸಿದೆ. ಗೋಡೆಯಲ್ಲಿ ಏಳು ಅಡಿ ಅಂತರಕ್ಕೆ ಎರಡು ಮೊಳೆ. ಸರಪಳಿಯನ್ನು ಅವಕ್ಕೆ ಸಿಕ್ಕಿಸಿ ನಡುವೆ ಏಳು ಅಂಗುಲ ಜೋಲುವಂತೆ ಬಿಟ್ಟು, ಹಿಂದೆ ರಟ್ಟನ್ನು ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದರೆ ತೀರಿತು. ತೂಗುಬಿಟ್ಟ ಸರಪಳಿಯ ಈ ರೇಖೆಯು ದೊಡ್ಡ ದೊಡ್ಡ ಪಂಡಿತರನ್ನು ಕಾಡಿಸಿದ್ದುಂಟು. 1638ರಲ್ಲಿ ಅಚ್ಚಾದ ಗ್ರಂಥದಲ್ಲಿ ಗೆಲಿಲಿಯೋ ಇದನ್ನು ಪರವಲಯಕ್ಕೆ ಹತ್ತಿರವೆಂದು ಬರೆದನು. ಇದರ ನಿಜಸ್ವರೂಪವು 1691ರಲ್ಲಿ ಹೈಗೆನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಎಂಬ ಮೂವರ ಲೆಕ್ಕದಿಂದ ಸಿದ್ಧವಾಯಿತು. ಹಾದಿಯ ಭಾರವು ಸಮನಾಗಿ ಹಂಚಿಹೋದ ಸೇತುವೆಯ ಹಗ್ಗವು ಪರವಲಯವಾಗುತ್ತದೆ. ತನ್ನ ಭಾರದಿಂದಲೇ ಜೋಲುವ ಸರಪಳಿಯ ರೇಖೆಯು ಬೇರೆ. ಆದರೆ ಏಳು ಅಡಿಗೆ ಏಳು ಅಂಗುಲ ಜೋಲುವಲ್ಲಿ ಈ ಎರಡರ ವ್ಯತ್ಯಾಸವು ದರ್ಜಿಯ ಸೀಮೆಸುಣ್ಣದ ಗೆರೆಯ ದಪ್ಪಕ್ಕಿಂತ ಕಡಿಮೆ. ನಮ್ಮ ಕುಶಲಿಯು ಗೋಡೆಯನ್ನು ನೋಡಿ ನಕ್ಕು, "ಮೇಷ್ಟ್ರೇ, ಕರು ಎಲ್ಲಿ?" ಎಂದು ಕೇಳಿದನು. ಆದರೆ ಹೊಲಿಗೆ ಮಾತ್ರ ಅಚ್ಚುಕಟ್ಟು. ಪಟ್ಟಿಗೆ ಮೂರು ಸಾಲು ಹಾಕಿದ್ದಾನೆ.

ತೋಟದಲ್ಲಿ ಹದಿನೈದು ಅಡಿ ಅಂತರದ ಒಂದು ಹಲಸಿನ ಮರವನ್ನೂ ಒಂದು ನೇರಳೆಯನ್ನೂ ಆರಿಸಿದೆವು. ಅಡಕೆಯ ಮರವು ಇದಕ್ಕೆ ತಕ್ಕದ್ದಲ್ಲ. ತೆಂಗಿನ ಮರದ ಬುಡವು ಯಾತಕ್ಕೆ ಬೇಡವೆಂಬುದನ್ನು ಹೇಳಬೇಕಾಗಿಲ್ಲ. ತಲೆಯ ಮೇಲೆ ಒಣಗಿದ ಕೊಂಬೆ ಇದೆಯೇ ಎಂಬುದನ್ನು ಹಗಲಿನಲ್ಲಿಯೇ ನೋಡಿಕೊಳ್ಳಬೇಕು. ಮರಕ್ಕೆ ಸುತ್ತುವ ಪಟ್ಟಿಯು ಎರಡು ಅಂಗುಲ ಅಗಲವಿದ್ದರೆ ತೊಗಟೆಗೆ ಗಾಯವಾಗದು. ತೆಳುವಾದ ಹಗ್ಗವು ಮರವನ್ನು ಕೊಯ್ಯುತ್ತದೆ.

ಪಟ್ಟಿಯನ್ನು ಎಷ್ಟು ಬಿಗಿಯಬೇಕೆಂಬಲ್ಲಿ ಅನೇಕರಿಗೆ ಭ್ರಮೆಯುಂಟು. ಬಿಗಿದಷ್ಟೂ ಮಂಚವು ಸಮವಾಗುವುದೆಂದು ತಿಳಿಯುತ್ತಾರೆ. ಲೆಕ್ಕವು ಹೀಗಿದೆ: ಮಲಗಿದವನ ತೂಕ 70 ಕಿಲೋ ಇದ್ದು, ಪಟ್ಟಿಯು ಅಡ್ಡನೆಯ ಗೆರೆಯಿಂದ 30 ಡಿಗ್ರಿ ಓರೆಯಾಗಿದ್ದರೆ ಒಂದೊಂದು ಮರದ ಮೇಲೆಯೂ 70 ಕಿಲೋದಷ್ಟೇ ಎಳೆತ ಬೀಳುತ್ತದೆ. ಅದೇ ಪಟ್ಟಿಯನ್ನು 15 ಡಿಗ್ರಿಗೆ ಬಿಗಿದರೆ ಎಳೆತವು 135 ಕಿಲೋ. 5 ಡಿಗ್ರಿಗೆ ಬಿಗಿದರೆ 400 ಕಿಲೋ. ಒಬ್ಬನೇ ಮನುಷ್ಯನು ಬಿಗಿಯ ದೋಷದಿಂದ ಆರು ಮಂದಿಯ ಭಾರವಾಗುತ್ತಾನೆ. ನನ್ನ ಹಳೆಯ ಜ್ಯಾಮಿತಿಯ ಪೆಟ್ಟಿಗೆಯಲ್ಲಿದ್ದ ಮೂಲೆಮಟ್ಟದ 30 ಡಿಗ್ರಿಯ ಕೋನವನ್ನು ಪಟ್ಟಿಗೆ ಹಿಡಿದು ಸರಿಪಡಿಸಿದೆವು. ಮೂವತ್ತೈದು ವರ್ಷ ಹಲಗೆಯ ಮೇಲೆ ತ್ರಿಕೋಣ ಬರೆದ ಆ ಮರದ ತುಂಡು ಮರಗಳ ನಡುವೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಕೂರುವ ಎತ್ತರವು ಕುರ್ಚಿಯಷ್ಟಿರಬೇಕು, ಸುಮಾರು ಒಂದೂವರೆ ಅಡಿ. ನಡುವೆ ಕುಳಿತು, ತಲೆಯನ್ನು ಒಂದು ಕಡೆಗೆ ಚಾಚಿ, ಆಮೇಲೆ ಕಾಲುಗಳನ್ನು ಎತ್ತಿಕೊಳ್ಳಬೇಕು. ಅವಸರಪಟ್ಟರೆ ಇದು ಪಕ್ಕಕ್ಕೆ ವಾಲುತ್ತದೆ. ಸಾಮಾನ್ಯ ಜೋಲಿಯಷ್ಟು ಆಳವಿಲ್ಲದ್ದರಿಂದ ವಾಲುವ ಸ್ವಭಾವವು ಇದಕ್ಕೆ ಸ್ವಲ್ಪ ಹೆಚ್ಚು. ನನ್ನನ್ನು ಹತ್ತಿಸಲು ಮೂವರು ಸುತ್ತಲೂ ನಿಂತಿದ್ದರು. ನಮ್ಮಾಕೆ ತೋಟದ ಮನೆಯ ಜಗಲಿಯಿಂದಲೇ, "ಮೊಮ್ಮಗಳನ್ನು ತೂಗಿದ್ದು ಮುಗಿಯಿತು, ಇನ್ನು ನಿಮ್ಮನ್ನು ತೂಗಬೇಕೋ?" ಎಂದಳು. ಪಾಣಿನಿಯ ವ್ಯಾಕರಣದಲ್ಲಿ 'ಖಟ್ವಾರೂಢ', ಎಂದರೆ ಮಂಚವನ್ನೇರಿದವನು, ಎಂಬ ಸಮಾಸಕ್ಕೆ ನಿಂದೆಯೇ ಅರ್ಥ. ವಿದ್ಯೆಯನ್ನು ಮುಗಿಸದೆ, ನೆಲವನ್ನು ಬಿಟ್ಟು ಮಂಚವೇರಿದ ಬ್ರಹ್ಮಚಾರಿಯಿಂದ ಆರಂಭಿಸಿ ದಾರಿತಪ್ಪಿದವರಿಗೆಲ್ಲ ಅದು ಸಲ್ಲುತ್ತದೆ. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಅವಳ ಬತ್ತಳಿಕೆಗೆ ಇನ್ನೊಂದು ಬಾಣವನ್ನು ನಾನೇ ಯಾಕೆ ಕೊಡಬೇಕು?

ಕಾಲೆತ್ತಿಕೊಂಡು ಮೈಯನ್ನು ಬಿಟ್ಟಾಗ ಆದ ಅನುಭವವನ್ನು ಹೇಳುವುದು ಕಷ್ಟ. ಹಿಮ್ಮಡಿ, ಮೊಣಕಾಲಿನ ಹಿಂಭಾಗ, ಸೊಂಟ, ಭುಜ, ಎಲ್ಲವೂ ಒಂದೇ ಮಟ್ಟದಲ್ಲಿವೆ. ಆದರೆ ಎಲ್ಲಿಯೂ ಒತ್ತುವ ವಸ್ತುವಿಲ್ಲ. ಹಲಗೆಯ ಮೇಲೆ ಮಲಗಿದರೆ ಮೈಯ ಉಬ್ಬುಗಳು ಮಾತ್ರ ಭಾರ ಹೊರುತ್ತವೆ. ಇಲ್ಲಿ ಬಟ್ಟೆಯು ಉಬ್ಬಿಗೆ ತಗ್ಗಾಗಿ, ತಗ್ಗಿಗೆ ಉಬ್ಬಾಗಿ ಒದಗುತ್ತದೆ. ಮಗ್ಗುಲಾಗಿಯೂ ಮಲಗಬಹುದು. ಸೊಂಟವು ಕುಸಿಯಲಿಲ್ಲ. ಅದಕ್ಕಾಗಿಯೇ ಅಷ್ಟು ದೂರ ಹೋಗಿದ್ದೆ. ಸ್ವಲ್ಪ ಹೊತ್ತು ಮಾತನಾಡದೆ ಎಲೆಗಳನ್ನು ನೋಡುತ್ತಿದ್ದೆ.

ರಾತ್ರಿಯ ಪರೀಕ್ಷೆಯನ್ನು ಬೇಕೆಂದೇ ಎರಡು ಬಗೆಯಾಗಿ ಮಾಡಿದೆವು. ಮೊದಲನೆಯ ರಾತ್ರಿ ಕಂಬಳಿಯನ್ನು ಒಳಗೆ, ಮೈಯ ಕೆಳಗೆ ಹಾಸಿಕೊಂಡೆ. ಮಲೆನಾಡಿನ ಪುಷ್ಯದ ಚಳಿ ಬಲ್ಲವರೇ ಬಲ್ಲರು. ನೆಲದ ಮೇಲೆ ಮಲಗಿದವನಿಗೆ ಕೆಳಗಿನಿಂದ ತೇವ ಬರುತ್ತದೆ. ತೂಗಿ ಮಲಗಿದವನಿಗೆ ಕೆಳಗಿನಿಂದ ಗಾಳಿ ಬರುತ್ತದೆ. ಮೈಯ ಭಾರಕ್ಕೆ ಕಂಬಳಿಯು ಅಪ್ಪಚ್ಚಿಯಾಗಿ, ಅದರ ಉಣ್ಣೆಯ ನಡುವೆ ನಿಂತು ಶಾಖವನ್ನು ಕಾಯಬೇಕಾದ ಗಾಳಿಯೆಲ್ಲ ಹೊರಟುಹೋಗುತ್ತದೆ. ಮೂರು ಗಂಟೆಯ ಹೊತ್ತಿಗೆ ಬೆನ್ನು ತಣ್ಣನೆಯ ಕಲ್ಲಾಗಿ ಎಚ್ಚರವಾಯಿತು. ಎರಡನೆಯ ರಾತ್ರಿ ಅದೇ ಕಂಬಳಿಯನ್ನು ಹೊರಗೆ, ಬಟ್ಟೆಯ ಕೆಳಗೆ ನಾಲ್ಕು ಮೂಲೆಗಳಿಂದ ಸಡಿಲವಾಗಿ ಕಟ್ಟಿದೆವು, ತೊಟ್ಟಿಲಿಗೆ ಇನ್ನೊಂದು ತೊಟ್ಟಿಲಿನಂತೆ. ಭಾರ ಬೀಳದೆ ಕಂಬಳಿಯು ಉಬ್ಬಿಯೇ ಇದ್ದಿತು; ಮೇಲೆ ಇನ್ನೊಂದನ್ನು ಹೊದ್ದು ಬೆಳಗಿನವರೆಗೆ ನಿದ್ರಿಸಿದೆ. ಕಂಬಳಿ ಒಂದೇ, ಚಳಿ ಒಂದೇ, ಬದಲಾದದ್ದು ಸ್ಥಾನ. ಇದನ್ನು ಕೇಳಿದ ತೋಟದ ಆಳೊಬ್ಬನು, "ಗೊರಬಿನ ಹಾಗೆ ಅನ್ನಿ, ಬೆನ್ನಿಗೆ ಅಂಟಿಕೊಂಡರೆ ಆಯಿತೇ?" ಎಂದನು. ಸರಿಯಾದ ಮಾತು.

ತೂಗಾಟವು ನಿದ್ರೆಯನ್ನು ಕರೆಯುತ್ತದೆಯೆಂಬುದು ಜೋಗುಳದಷ್ಟೇ ಹಳೆಯ ನಂಬಿಕೆ. ಜಿನೀವಾ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹನ್ನೆರಡು ಮಂದಿಯನ್ನು ಮಧ್ಯಾಹ್ನ ಮೆಲ್ಲನೆ ತೂಗುವ ಮಂಚದ ಮೇಲೆ ಮಲಗಿಸಿದಾಗ, ಅಲುಗಾಡದ ಮಂಚಕ್ಕಿಂತ ಬೇಗನೆ ನಿದ್ರೆ ಹತ್ತಿತೆಂದು ಕಂಡಿತು. ಆದರೆ ಅಲ್ಲಿ ಯಂತ್ರವು ಬಿಡದೆ ತೂಗುತ್ತಿತ್ತು. ನನ್ನ ಮಂಚವು ಹತ್ತಿದಾಗ ನಾಲ್ಕು ಬಾರಿ ತೂಗಿ ತಾನೇ ನಿಂತುಬಿಡುತ್ತದೆ. ಆದ್ದರಿಂದ ನನ್ನ ನಿದ್ರೆಯ ಕೀರ್ತಿಯನ್ನು ತೂಗಾಟಕ್ಕಿಂತ ಹೆಚ್ಚಾಗಿ ಸಮತಲಕ್ಕೇ ಕೊಡುತ್ತೇನೆ.

ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಎರಡು ಪಕ್ಕಗಳೂ ಮೇಲೆದ್ದು ನಿಲ್ಲುವುದರಿಂದ ಅಗಲವಾದ ಭುಜದವರನ್ನು ಬಟ್ಟೆಯು ಅವುಚುತ್ತದೆ. ಕೋಲು, ಪಟ್ಟಿ, ಮೇಲ್ಗಡೆಯ ಟಾರ್ಪಾಲು, ಸೊಳ್ಳೆಪರದೆ ಎಲ್ಲ ಸೇರಿ ಎರಡೂವರೆ ಕಿಲೋ ಆಯಿತು. ಅಳಿಯನ ಸಾಮಾನ್ಯ ಹ್ಯಾಮಕ್ಕಿಗೆ ಕೋಲಿನ ಹಂಗಿಲ್ಲ. ಪಟ್ಟಿಯ ಮೇಲೆ ಇರುವೆಗಳು ರಾಜಮಾರ್ಗದಲ್ಲಿ ಬರುವಂತೆ ಬರುತ್ತವೆ. ಚಗಳಿಯ ಗೂಡಿರುವ ಮರವನ್ನು ದೂರದಿಂದಲೇ ನಮಸ್ಕರಿಸಬೇಕು. ಕುದುರೆಮುಖದ ಕಡೆಯ ಹುಲ್ಲಿನ ಬೋಳುಗುಡ್ಡಗಳ ನೆತ್ತಿಯಲ್ಲಿ ಕಟ್ಟುವುದಕ್ಕೆ ಮರವೇ ಇರುವುದಿಲ್ಲ. ಮರವಿರುವಲ್ಲಿ ಆಕಾಶವಿರುವುದಿಲ್ಲ, ನಕ್ಷತ್ರ ನೋಡಲು ಹೋದವನಿಗೆ ಇದು ಸಣ್ಣ ಕೊರತೆಯಲ್ಲ.

ಇಷ್ಟಿದ್ದರೂ, ರಾತ್ರಿ ಏಳುವ ಮಾತೊಂದನ್ನು ಹೇಳಲೇಬೇಕು. ನನ್ನ ವಯಸ್ಸಿನವರು ರಾತ್ರಿಯಲ್ಲಿ ಒಮ್ಮೆಯಾದರೂ ಏಳಬೇಕಾಗುತ್ತದೆ. ನೆಲದಿಂದ ಏಳುವುದೆಂದರೆ ಮೊದಲು ಮಗ್ಗುಲು, ಆಮೇಲೆ ಮೊಣಕೈ, ಆಮೇಲೆ ಮೊಣಕಾಲು, ಆಮೇಲೆ ದೇವರ ನಾಮಸ್ಮರಣೆ. ಇಲ್ಲಿ ಕಾಲುಗಳನ್ನು ಕೆಳಗೆ ಬಿಟ್ಟು ಕುಳಿತರೆ ಕುರ್ಚಿಯಲ್ಲಿ ಕುಳಿತಂತೆ. ಎದ್ದು ನಿಲ್ಲುವುದಷ್ಟೇ ಉಳಿದ ಕೆಲಸ. ಚಪ್ಪಲಿಯನ್ನು ಗೊತ್ತಾದ ಕಡೆ ಇಟ್ಟು, ಟಾರ್ಚನ್ನು ತಲೆಯ ಕಡೆಯ ಹಗ್ಗಕ್ಕೆ ಕಟ್ಟಿಕೊಂಡಿದ್ದೆ.

ಎರಡನೆಯ ಬೆಳಗಿನ ಜಾವ ಮೊಮ್ಮಗಳು ಡೇರೆಯಿಂದ ಬಂದು ಕೋಲನ್ನು ಹಿಡಿದು ಅಲುಗಿಸಿ, "ತಾತ, ಐದು ಗಂಟೆ" ಎಂದಳು. ಯಾರ ಕೈಯನ್ನೂ ಹಿಡಿಯದೆ ಎದ್ದು ಅವಳ ಜೊತೆ ಬಯಲಿಗೆ ನಡೆದೆ. ಚಿತ್ರೆಯನ್ನೂ ಸ್ವಾತಿಯನ್ನೂ ಅವಳೇ ತೋರಿಸಿದಳು. ಜ್ಯೇಷ್ಠೆಯನ್ನು ಕಂಡಾಗ ಅವಳು ಹೆಸರನ್ನು ಹೇಳದೆ ನನ್ನ ಮುಖವನ್ನು ನೋಡಿದಳು. ಗೊತ್ತಿದ್ದೂ ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಹೇಳಿದೆ.

ಹೊರಡುವ ದಿನ ಮಧ್ಯಾಹ್ನ ಊಟವಾದ ಮೇಲೆ ಸಾಮಾನು ಕಟ್ಟಬೇಕೆಂದು ಮರಗಳ ಕಡೆಗೆ ಹೋದರೆ ಮಂಚವು ಖಾಲಿಯಿರಲಿಲ್ಲ. ನಮ್ಮಾಕೆ ಸೆರಗನ್ನು ಮುಖಕ್ಕೆ ಹೊದ್ದು ಗಾಢವಾಗಿ ನಿದ್ರಿಸುತ್ತಿದ್ದಳು. ಕಾರು ಒಂದು ಗಂಟೆ ಕಾಯಿತು. ಎದ್ದವಳು ಹೆಚ್ಚು ಮಾತನಾಡಲಿಲ್ಲ. ತಲೆಯ ಕಡೆಯ ಕೋಲು ಭುಜಕ್ಕೆ ಸಾಲದು, ಮೂರು ಅಡಿಗೆ ಇನ್ನು ನಾಲ್ಕು ಅಂಗುಲ ಸೇರಿಸಬೇಕು ಎಂದಳು. ಹೊಸ ಬಟ್ಟೆಯನ್ನು ಕತ್ತರಿಸಲು ಕೊಟ್ಟಾಗಿದೆ. ರಟ್ಟಿನ ಮೇಲಿನ ಸರಪಳಿಯ ಗೆರೆ ಹಾಗೆಯೇ ಇದ್ದುದರಿಂದ ಈ ಸಲ ಗೋಡೆಗೆ ಮೊಳೆ ಹೊಡೆಯುವ ಕೆಲಸ ಬೀಳಲಿಲ್ಲ.